ದರಪಟ್ಟಿಯಲ್ಲಿ ಬಲೆಯವನ ಸಾಲಿಲ್ಲ: ದ್ವೀಪಗಳಿಗೆ ಫೋಟೊ ಪ್ರವಾಸ ಕರೆದೊಯ್ಯುವವರಿಗೆ ಒಂದು ಬಹಿರಂಗ ಪತ್ರ

ದೂರದ ದ್ವೀಪಗಳ ಮೀನುಗಾರರ ಹಳ್ಳಿಗಳಿಗೆ ಫೋಟೊ ಪ್ರವಾಸ ಏರ್ಪಡಿಸುವ ಸಂಘಟಕರಿಗೆ, ಜೊತೆಗೆ ಬಂದು ಪಾಠ ಹೇಳುವ ಮೆಂಟರುಗಳಿಗೆ,

ನಮಸ್ಕಾರ.

ನಾನು ನಿಮ್ಮ ಗಿರಾಕಿ. ದಡದಲ್ಲಿ ನಿಂತು ಕಲ್ಲು ಎಸೆಯುವವನಲ್ಲ. ದುಡ್ಡು ಕಟ್ಟಿ, ಟ್ರೈಪಾಡ್ ಹೊತ್ತು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನಿಮ್ಮ ಹಿಂದೆ ಟಾರ್ಚ್ ಹಿಡಿದು ನಡೆದವನು. ಇಂಥ ಮೂರು ಪ್ರವಾಸ ಮಾಡಿದ್ದೇನೆ. ಮೂರರಲ್ಲೂ ಒಳ್ಳೊಳ್ಳೆ ಫೋಟೊ ಸಿಕ್ಕಿವೆ, ಬೆಳಕು ನೋಡುವುದನ್ನು ನಾನು ಕಲಿತದ್ದೂ ನಿಮ್ಮಿಂದಲೇ. ಹಾಗಾಗಿ ಈ ಪತ್ರವನ್ನು ಹೊಟ್ಟೆಕಿಚ್ಚಿನದೆಂದೋ ಫೋಟೊ ಗೊತ್ತಿಲ್ಲದವನ ಗೊಣಗಾಟವೆಂದೋ ತಳ್ಳಿಹಾಕಬೇಡಿ.

ಮೂರನೆಯ ಪ್ರವಾಸದ ದ್ವೀಪದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಕರೆದೊಯ್ದ ಸಂಸ್ಥೆಯ ಹೆಸರನ್ನೂ ಹೇಳುವುದಿಲ್ಲ. ಒಬ್ಬರನ್ನು ಹಿಡಿದು ಬೈದರೆ ಉಳಿದವರೆಲ್ಲ ನಿರಾಳವಾಗಿ ಉಸಿರು ಬಿಡುತ್ತೀರಿ, ಅದು ನನಗೆ ಬೇಡ.

ಮೊದಲು ನಿಮ್ಮ ದರಪಟ್ಟಿಯ ವಿಷಯ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಅಚ್ಚು. 'ಸೇರಿರುವುದು' ಎಂಬ ತಲೆಬರಹದ ಕೆಳಗೆ ದೋಣಿ, ವಸತಿ, ಊಟ, ಸ್ಥಳೀಯ ಗೈಡ್, ಮೆಂಟರ್ ಶುಲ್ಕ, ಸಂಜೆಯ ಎಡಿಟಿಂಗ್ ಪಾಠ. 'ಸೇರದಿರುವುದು' ಎಂಬಲ್ಲಿ ವಿಮಾನದ ಟಿಕೆಟ್, ವಿಮೆ, ಟಿಪ್ಸ್. ಇವೆರಡರ ಮೇಲೆ ದಪ್ಪಕ್ಷರದಲ್ಲಿ 'ವಿಶೇಷ ಆಕರ್ಷಣೆ': ಸೂರ್ಯಾಸ್ತದಲ್ಲಿ ಬಲೆ ಬೀಸುವ ಮೀನುಗಾರ, ಮಂಜಿನಲ್ಲಿ ದೋಣಿ ನೂಕುವ ಮುದುಕ, ನೀರಾಟವಾಡುವ ಮಕ್ಕಳು. ಮೆಂಟರಿಗೆ ಶುಲ್ಕ ಉಂಟು, ದೋಣಿಯ ಡೀಸೆಲ್ಲಿಗೆ ಲೆಕ್ಕ ಉಂಟು. ಆದರೆ ಯಾರ ಮುಖ ನೋಡಿ ನಾನು ದುಡ್ಡು ಕಟ್ಟಿದೆನೋ ಅವನು ಖರ್ಚಿನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅವನಿರುವುದು ಸೂರ್ಯಾಸ್ತ ಇರುವ ಪಟ್ಟಿಯಲ್ಲಿ. ಸೂರ್ಯನಿಗೆ ಯಾರೂ ಕೂಲಿ ಕೊಡುವುದಿಲ್ಲವಲ್ಲ, ಅವನಿಗೂ ಹಾಗೇ.

ಇದನ್ನು ನಾನೂ ಎರಡು ಪ್ರವಾಸ ಮುಗಿಯುವವರೆಗೆ ಗಮನಿಸಿರಲಿಲ್ಲ. ಗಮನಿಸಿದ್ದು ಒಂದು ಬಲೆ ಹರಿದ ಮೇಲೆ.

ಐದು ಸಂಜೆಗಳ ಪ್ರವಾಸ. ಹನ್ನೆರಡು ಜನರ ಬ್ಯಾಚ್. ದಿನಾ ಸಂಜೆ ಅದೇ ಬಂಡೆಯ ಪಕ್ಕ, ಅದೇ ಹೊತ್ತಿಗೆ, ಒಬ್ಬನೇ ಮೀನುಗಾರ ಬೀಸುಬಲೆ ಎಸೆಯಬೇಕು. ಮೊದಲ ಸಂಜೆ ಎಲ್ಲ ಚೆನ್ನಾಗಿತ್ತು. ಸೂರ್ಯ ಇಳಿಯುತ್ತಿದ್ದಾಗ ನೀರು ಏರುತ್ತಿತ್ತು, ಏರುವ ನೀರಿನ ಜೊತೆ ಸಣ್ಣ ಮೀನು ದಡದ ಹತ್ತಿರಕ್ಕೆ ಬರುತ್ತಿತ್ತು. ಅವನು ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಅರ್ಧ ಬಲೆಯನ್ನು ಮೊಣಕೈಗೆ ಹಾಕಿ, ಸೊಂಟ ತಿರುಗಿಸಿ ಬಿಟ್ಟ. ಬಲೆ ಗಾಳಿಯಲ್ಲಿ ದುಂಡಗೆ ಅರಳಿತು, ಸೀಸದ ಗುಂಡುಗಳು ಒಟ್ಟಿಗೆ ನೀರಿಗೆ ಬಿದ್ದ ಸದ್ದು ಮಳೆಯ ಮೊದಲ ಹನಿಗಳಂತೆ ಕೇಳಿಸಿತು. ನಾಲ್ಕೈದು ಎಸೆತಕ್ಕೆ ಅವನಿಗೂ ಸಾಕಷ್ಟು ಮೀನು, ನಮಗೂ ಸಾಕಷ್ಟು ಫೋಟೊ.

ಸೂರ್ಯ ಐದು ದಿನವೂ ಹೆಚ್ಚುಕಡಿಮೆ ಅದೇ ಗಳಿಗೆಗೆ ಮುಳುಗುತ್ತಾನೆ. ಸಮುದ್ರ ಹಾಗಲ್ಲ, ಅದು ಚಂದ್ರನ ಮಾತು ಕೇಳುವಂಥದ್ದು. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದರಿಂದ ಉಬ್ಬರವೂ ದಿನಕ್ಕೆ ಅಷ್ಟೇ ತಡವಾಗುತ್ತದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಮೂರು ಗಂಟೆಗೂ ಮೀರಿದ ಅಂತರ. ಐದನೆಯ ಸಂಜೆ ನಾವು ಟ್ರೈಪಾಡ್ ನೆಟ್ಟಾಗ ನೀರು ಆಗಷ್ಟೇ ತಿರುಗಿತ್ತು. ಮೀನಖಂಡದವರೆಗೂ ಬರುತ್ತಿರಲಿಲ್ಲ. ಹವಳದ ಮೊನೆಗಳು ಅಲ್ಲಲ್ಲಿ ಮೇಲೆ ಎದ್ದು ಕಾಣುತ್ತಿದ್ದವು. ಅಲ್ಲಿ ಆ ಹೊತ್ತಿನಲ್ಲಿ ಬಲೆ ಹಾಕುವ ಮೀನುಗಾರ ಜಗತ್ತಿನ ಯಾವ ದ್ವೀಪದಲ್ಲೂ ಇಲ್ಲ. ನಮ್ಮವನೂ ತಲೆ ಆಡಿಸಿದ, ಕೈಸನ್ನೆಯಲ್ಲಿ ನೀರು ತೋರಿಸಿದ. ಗೈಡ್ ಏನೋ ಹೇಳಿದ. ಅವನು ಬಲೆ ಎತ್ತಿಕೊಂಡ.

ಅದಕ್ಕೂ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಅವನು ಹಾಕಿಕೊಂಡಿದ್ದು ಯಾವುದೋ ಫುಟ್‌ಬಾಲ್ ಕ್ಲಬ್ಬಿನ ಜೆರ್ಸಿ. ಅದು 'ಫ್ರೇಮನ್ನು ಕೆಡಿಸುತ್ತದೆ' ಎಂದು ಬಿಚ್ಚಿಸಲಾಯಿತು. ಅವನ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಇಬ್ಬರು ಹೊತ್ತು ಬಂಡೆಯ ಹಿಂದಕ್ಕಿಟ್ಟರು. ಆಮೇಲೆ ಮೆಂಟರ್ ತಮ್ಮ ಬ್ಯಾಗಿನಿಂದ ಒಂದು ಬಣ್ಣಗೆಟ್ಟ ಪಂಚೆಯಂಥ ಬಟ್ಟೆಯನ್ನೂ ಹುಲ್ಲಿನ ಚೂಪು ಟೋಪಿಯನ್ನೂ ತೆಗೆದರು. ಬಟ್ಟೆಯ ವಿಷಯ ಗೊತ್ತಿಲ್ಲ. ಆ ಟೋಪಿಯನ್ನಂತೂ ಆ ಐದು ದಿನಗಳಲ್ಲಿ ಆ ದ್ವೀಪದ ಒಬ್ಬನ ತಲೆಯ ಮೇಲೂ ನಾನು ನೋಡಿರಲಿಲ್ಲ. ಅದು ಬೇರೊಂದು ದೇಶದ ಪೇಟೆಯಲ್ಲಿ ಕೊಂಡದ್ದು ಎಂದು ಅವರೇ ರಾತ್ರಿ ಊಟದ ಹೊತ್ತಿಗೆ ನಗುತ್ತ ಹೇಳಿದರು. ನಾವೂ ನಕ್ಕೆವು.

ಹನ್ನೊಂದು ಸಲ ಎಸೆಸಿದೆವು. 'ಇನ್ನೊಂದು', 'ಸ್ವಲ್ಪ ಎಡಕ್ಕೆ', 'ಬಲೆ ಪೂರ್ತಿ ಬಿಚ್ಚಲಿಲ್ಲ'. ಸೆಕೆಂಡಿಗೆ ಹತ್ತು ಫ್ರೇಮಿನ ಲೆಕ್ಕ ಹಿಡಿದರೂ ಹನ್ನೆರಡು ಕ್ಯಾಮೆರಾ, ಎಸೆತಕ್ಕೆ ಎರಡು ಸೆಕೆಂಡು: ಎರಡೂವರೆ ಸಾವಿರಕ್ಕೂ ಮೀರಿ ಫೋಟೊ. ಮೀನು ಒಂದೂ ಇಲ್ಲ. ಒಂಬತ್ತನೆಯದೋ ಹತ್ತನೆಯದೋ ಎಸೆತದಲ್ಲಿ ಬಲೆ ಹವಳಕ್ಕೆ ಸಿಕ್ಕಿಕೊಂಡಿತು. ಅವನು ಬಗ್ಗಿ ಬಿಡಿಸುತ್ತಿದ್ದುದನ್ನೂ ನಾವು ಬಿಡಲಿಲ್ಲ, ಹಿಂದಿನಿಂದ ಬೆಳಕು ಬೀಳುತ್ತಿತ್ತು.

ಮರುದಿನ ಬೆಳಗ್ಗೆ ದೋಣಿ ಹತ್ತುವ ಮೊದಲು ಅವನ ಮನೆಯ ಮುಂದೆ ಹಾದುಹೋದೆ. ಜೆರ್ಸಿ ಹಾಕಿಕೊಂಡು, ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ ಎಳೆದು ಹಿಡಿದು, ಚಪ್ಪಟೆ ಪ್ಲಾಸ್ಟಿಕ್ ಸೂಜಿಯಿಂದ ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಿದ್ದ. ಅಂಗೈ ಅಗಲದ ತೂತು ಮೂರು ಕಡೆ. ಉಬ್ಬರದ ಹೊತ್ತಿಗೆ ನೀರಿನಲ್ಲಿರಬೇಕಾದ ಬಲೆ ಅಂಗಳದಲ್ಲಿ ಬಿದ್ದಿತ್ತು. ನಾನು ಕ್ಯಾಮೆರಾ ಎತ್ತಿದೆ. ಬೆಳಗಿನ ಬೆಳಕು, ಕೈಬೆರಳು, ದಾರ. ಆ ಪ್ರವಾಸದಲ್ಲಿ ನಾನು ತೆಗೆದ ಅತ್ಯುತ್ತಮ ಫೋಟೊ ಅದು. 'ತಲೆಮಾರುಗಳ ಕಸುಬು' ಎಂದು ಶೀರ್ಷಿಕೆ ಕೊಟ್ಟೆ. ಒಂದು ಸ್ಪರ್ಧೆಯಲ್ಲಿ ಪ್ರಮಾಣಪತ್ರವೂ ಬಂತು. ಅವನ ಹೆಸರನ್ನು ನಾನು ಕೇಳಿರಲಿಲ್ಲ.

ಆ ಐದನೆಯ ಸಂಜೆಗೆ ಅವನಿಗೆ ಏನು ಸಿಕ್ಕಿತು ಎಂದು ವಾಪಸು ಬಂದ ಮೇಲೆ ನಿಮ್ಮಲ್ಲೊಬ್ಬರನ್ನು ಕೇಳಿದೆ. 'ಗೈಡ್ ನೋಡಿಕೊಳ್ಳುತ್ತಾನೆ' ಎಂದರು. ಗೈಡ್ ಎಷ್ಟು ಕೊಟ್ಟ, ಯಾವ ಲೆಕ್ಕದಲ್ಲಿ ಕೊಟ್ಟ ಎಂದು ಕೇಳಿದಾಗ ಅವರಿಗೂ ಗೊತ್ತಿರಲಿಲ್ಲ. ಸುಳ್ಳು ಹೇಳಲಿಲ್ಲ ಪಾಪ, ನಿಜವಾಗಿಯೂ ಗೊತ್ತಿರಲಿಲ್ಲ. ಅದೇ ತೊಂದರೆ.

ಒಂದು ಮಾತು ಸ್ಪಷ್ಟವಾಗಲಿ. ದುಡ್ಡು ಕೊಟ್ಟು ಪೋಸ್ ಕೊಡಿಸುವುದು ಪಾಪ ಎನ್ನುವವನಲ್ಲ ನಾನು. ಶ್ರೀಲಂಕಾದ ದಕ್ಷಿಣ ತೀರದಲ್ಲಿ, ಕೊಗ್ಗಲ ಅಹಂಗಮಗಳ ಕಡೆ, ಕೋಲಿನ ಮೇಲೆ ಕೂತು ಗಾಳ ಹಾಕುವ ಮೀನುಗಾರರ ಚಿತ್ರವನ್ನು ನೋಡದವರಿಲ್ಲ. ಅನಾದಿ ಕಾಲದ ಪದ್ಧತಿ ಎಂದು ಅಡಿಬರಹ ಇರುತ್ತದೆ. ಅದು ಶುರುವಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಂದು ಅಲ್ಲಿಯವರೇ ಹೇಳುತ್ತಾರೆ. ಅಮೆರಿಕದ ಫೋಟೊಗ್ರಾಫರ್ ಸ್ಟೀವ್ ಮೆಕರಿ 1995ರಲ್ಲಿ ತೆಗೆದ ಫೋಟೊ ಅದನ್ನು ಜಗತ್ತಿಗೆಲ್ಲ ಹಬ್ಬಿಸಿತು. 2004ರ ಸುನಾಮಿ ಆ ದಡವನ್ನೇ ತೊಳೆದುಹಾಕಿತು. ಇವತ್ತು ಆ ಕೋಲುಗಳ ಮೇಲೆ ಕೂರುವವರಲ್ಲಿ ಬಹಳ ಮಂದಿ ಕೂರುವುದು ಮೀನಿಗಾಗಿ ಅಲ್ಲ, ನಮಗಾಗಿ. ಕೆಳಗೆ ಒಬ್ಬ ದುಡ್ಡು ವಸೂಲಿಗೆ ನಿಂತಿರುತ್ತಾನೆ. ಇದರಲ್ಲಿ ನನಗೆ ಅಸಹ್ಯ ಕಾಣುವುದಿಲ್ಲ. ಬಿಸಿಲಿನಲ್ಲಿ ಸಣ್ಣ ಅಡ್ಡಗೋಲಿನ ಮೇಲೆ ಗಂಟೆಗಟ್ಟಲೆ ಕೂರುವುದು ಸಸಾರದ ಕೆಲಸವಲ್ಲ, ಕೂಲಿ ಕೇಳುವುದು ನ್ಯಾಯ. ಮೋಸ ಇರುವುದು ಅಡಿಬರಹದಲ್ಲಿ. ಅವನು ನಟ, ನಾವು ಅವನನ್ನು 'ಅಪ್ಪಟ ಬದುಕು' ಎಂದು ಕರೆದು ಮಾರುತ್ತೇವೆ. ನಮ್ಮ ಬಲೆಯವನಿಗಂತೂ ನಟನಿಗೆ ಸಿಗಬೇಕಾದ ಕೂಲಿಯೂ ಇಲ್ಲ, ಮೀನುಗಾರನಿಗೆ ಸಿಗಬೇಕಾದ ಮೀನೂ ಇಲ್ಲ.

ದಕ್ಷಿಣ ಕೊರಿಯಾದ ಜೇಜು ದ್ವೀಪದ ಹೇನ್ಯೊ ಹೆಂಗಸರು ಇದನ್ನು ನಮಗಿಂತ ಚೆನ್ನಾಗಿ ಬಗೆಹರಿಸಿಕೊಂಡಿದ್ದಾರೆ ಎನಿಸುತ್ತದೆ. ಆಮ್ಲಜನಕದ ಸಿಲಿಂಡರ್ ಇಲ್ಲದೆ ಉಸಿರು ಕಟ್ಟಿ ಮುಳುಗಿ ಶಂಖ, ಕಡಲಪಾಚಿ ತರುವವರು. ಅವರ ಸಂಸ್ಕೃತಿ 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಷ್ಟರಲ್ಲಾಗಲೇ ಬಹುಪಾಲು ಹೆಂಗಸರು ಅರವತ್ತು ದಾಟಿದ್ದರು. ಸೊಂಗ್ಸಾನ್ ಇಲ್ಚುಲ್‌ಬೊಂಗ್ ಗುಡ್ಡದ ಬುಡದಲ್ಲಿ ಅವರು ಪ್ರವಾಸಿಗರಿಗಾಗಿ ಪ್ರದರ್ಶನ ಕೊಡುತ್ತಾರೆ. ಹೊತ್ತು ಗೊತ್ತುಮಾಡಿರುತ್ತದೆ, ಅದು ಪ್ರದರ್ಶನ ಎಂದೇ ಎಲ್ಲರಿಗೂ ಗೊತ್ತು. ದುಡಿಮೆಯ ಮುಳುಗು ಬೇರೆ, ತೋರಿಸುವ ಮುಳುಗು ಬೇರೆ. ಅವರಿಗೆ ಬುಲ್ತೊಕ್ ಎಂಬ ಕಲ್ಲಿನ ಗೋಡೆಯ ಜಾಗವಿದೆ. ಬಟ್ಟೆ ಬದಲಿಸುವುದು, ಬೆಂಕಿಗೆ ಮೈ ಕಾಯಿಸುವುದು, ಇವತ್ತು ಸಮುದ್ರಕ್ಕೆ ಇಳಿಯಬೇಕೋ ಬೇಡವೋ ಎಂದು ಮಾತಾಡಿಕೊಳ್ಳುವುದು ಅಲ್ಲಿ. ಮುಳುಗಿ ಮೇಲೆದ್ದಾಗ ಅವರ ಬಾಯಿಂದ ಹೊರಡುವ ಸಿಳ್ಳೆಯಂಥ ಉಸಿರಿನ ಸದ್ದಿಗೆ ಸುಂಬಿಸೋರಿ ಎನ್ನುತ್ತಾರೆ. ಆ ಸದ್ದು ಬೇಕಾದರೆ ಕೇಳಿಸಿಕೊಳ್ಳಿ, ಗೋಡೆಯೊಳಗಿನ ಬೆಂಕಿ ನಿಮ್ಮದಲ್ಲ. ಪ್ರತಿ ಮೀನುಗಾರ ಹಳ್ಳಿಯಲ್ಲೂ ಇಂಥದ್ದೊಂದು ಗೋಡೆ ಇದೆ, ಕೆಲವು ಕಡೆ ಅದು ಕಲ್ಲಿನದಲ್ಲ ಅಷ್ಟೆ.

ನಿಮ್ಮ ಕರಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಕಿರಿಕಿರಿ ಮಾಡುವ ಪದ 'ಕೊನೆಯ'. ಕೊನೆಯ ಕಡಲ ಅಲೆಮಾರಿಗಳು, ಕೊನೆಯ ತಿಮಿಂಗಿಲ ಬೇಟೆಗಾರರು, ಕೊನೆಯ ಬಲೆಗಾರ. ಮುಗಿದುಹೋಗುವ ಮೊದಲು ಬೇಗ ಬನ್ನಿ ಎಂಬ ಧ್ವನಿ, ಬಟ್ಟೆ ಅಂಗಡಿಯ ಸ್ಟಾಕ್ ಖಾಲಿ ಮಾರಾಟದಂತೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಇತರರೊಡನೆ ಸೇರಿ ಹೊರತಂದ 2023ರ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ಹಿಡಿಯುವ ಮೀನಿನಲ್ಲಿ ಸುಮಾರು ಶೇ. 40ರಷ್ಟು ಸಣ್ಣ ಮೀನುಗಾರರದೇ. ಈ ಕಸುಬಿನಲ್ಲಿ ತೊಡಗಿದ ಹತ್ತು ಜನರಲ್ಲಿ ನಾಲ್ವರು ಹೆಂಗಸರು. ಕೊನೆಯವರಂತೆ! ನಿಮ್ಮ ಕರಪತ್ರಗಳಲ್ಲಿ ಮೀನು ಸೀಳುವ, ಒಣಗಿಸುವ, ಇಳಿತದಲ್ಲಿ ಚಿಪ್ಪು ಆಯುವ, ಲೆಕ್ಕ ಬರೆದಿಡುವ ಹೆಂಗಸು ಎಲ್ಲಿ? ಗೋಲ್ಡನ್ ಅವರ್‌ನಲ್ಲಿ, ಅಂದರೆ ಸೂರ್ಯ ಹುಟ್ಟುವ ಮುಳುಗುವ ಹೊನ್ನಬೆಳಕಿನ ಹೊತ್ತಿನಲ್ಲಿ, ಅವಳು ಅಡುಗೆ ಮನೆಯಲ್ಲಿರುತ್ತಾಳೆ, ಅಥವಾ ಮಂಜುಗಡ್ಡೆಗಾಗಿ ಕಾಯುತ್ತಿರುತ್ತಾಳೆ. ಅದಕ್ಕೆ ಬೆಳಕು ಬೀಳುವುದಿಲ್ಲ.

ಇದೇನು ಹೊಸದಲ್ಲ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ಕಿನಲ್ಲಿರುವ ಸೇಂಟ್ ಕಿಲ್ಡಾಕ್ಕೆ 1870ರ ದಶಕದಿಂದಲೇ ಬೇಸಿಗೆಯಲ್ಲಿ ಸ್ಟೀಮರುಗಳಲ್ಲಿ ಪ್ರವಾಸಿಗರು ಹೋಗುತ್ತಿದ್ದರು. ಅಲ್ಲಿಯವರು ಮೀನಿಗಿಂತ ಹೆಚ್ಚಾಗಿ ಕಡಲಹಕ್ಕಿಗಳನ್ನು ನಂಬಿ ಬದುಕಿದವರು, ಆ ಲೆಕ್ಕದಲ್ಲಿ ನನ್ನ ವಿಷಯದಿಂದ ಸ್ವಲ್ಪ ಆಚೆ. ಆದರೆ ಬೀದಿಯಲ್ಲಿ ಸಾಲಾಗಿ ನಿಂತ ಗಡ್ಡದ ಗಂಡಸರ ಆ ಹಳೆಯ ಫೋಟೊ ಇವತ್ತಿಗೂ ಎಲ್ಲೆಲ್ಲೂ ಕಾಣಿಸುತ್ತದೆ. 1930ರ ಆಗಸ್ಟ್ 29ರಂದು ಉಳಿದಿದ್ದ 36 ಜನರೂ ದ್ವೀಪ ಬಿಟ್ಟು ಹೊರಟರು. ಪ್ರವಾಸಿಗರಿಂದಲೇ ಹಾಗಾಯಿತು ಎಂದರೆ ತಪ್ಪಾಗುತ್ತದೆ. ಯುವಕರು ಊರು ಬಿಟ್ಟದ್ದು, ಕಾಯಿಲೆ, ಬೆಳೆ ಕೈಕೊಟ್ಟದ್ದು ಎಲ್ಲ ಸೇರಿದ್ದವು. ನಾನು ಹೇಳುವುದು ಇಷ್ಟೇ: ಅರ್ಧ ಶತಮಾನ ಬೇಸಿಗೆ ಬೇಸಿಗೆಗೂ ಕ್ಯಾಮೆರಾ ಬಂದು ಹೋಯಿತು, ಚಳಿಗಾಲದಲ್ಲಿ ಅವರು ಒಬ್ಬರೇ ಇದ್ದರು.

ಈಗ ದ್ವೀಪದ ಹೆಸರು ಯಾಕೆ ಹೇಳಲಿಲ್ಲ ಎಂಬ ವಿಷಯಕ್ಕೆ ಬರುತ್ತೇನೆ. ಮೀನುಗಾರನಿಗೆ ಸಮುದ್ರದಲ್ಲಿ ಬೇಲಿ ಇಲ್ಲ, ಗಡಿಕಲ್ಲು ಇಲ್ಲ. ಎಲ್ಲಿ ಮೀನು ಸಿಗುತ್ತದೆ ಎಂಬ ತಿಳಿವಳಿಕೆಯೇ ಅವನ ಆಸ್ತಿ. ದಡದ ಎರಡು ಗುರುತು ಒಂದರ ಹಿಂದೆ ಒಂದು ಬರುವಂತೆ ನೋಡಿಕೊಂಡು ಜಾಗ ಹಿಡಿಯುವುದು ಜಗತ್ತಿನ ಎಲ್ಲ ಕಡೆಯ ಮೀನುಗಾರರಿಗೂ ಗೊತ್ತಿರುವ ಹಳೆಯ ಲೆಕ್ಕ: ಗುಡ್ಡದ ತುದಿಯ ನೇರಕ್ಕೆ ಒಂಟಿ ಮರ, ಇತ್ತ ದೀಪಸ್ತಂಭದ ನೇರಕ್ಕೆ ಬಂಡೆ. ಮಗನಿಗೆ ಮಾತ್ರ ಹೇಳಿಕೊಡುವ ಗುಟ್ಟು ಅದು. ನಾವು ದೋಣಿಯಲ್ಲಿ ಅವನ ಹಿಂದೆಯೇ ಹೋಗಿ, ಗುಡ್ಡ, ಮರ, ದೀಪಸ್ತಂಭ ಎಲ್ಲ ಒಂದೇ ಫ್ರೇಮಿಗೆ ಬರುವಂತೆ ಹಿಡಿದು, ಫೈಲಿನೊಳಗೆ ಜಿಪಿಎಸ್ ಅಂಕಿಗಳನ್ನೂ ಬಿಟ್ಟು ಹಂಚಿಬಿಡುತ್ತೇವೆ. ಮೇಲಿಂದ ಡ್ರೋನ್ ಬೇರೆ. ಲೊಕೇಶನ್ ಟ್ಯಾಗ್ ಹಾಕುವುದನ್ನು ನೀವು ಪ್ರಚಾರ ಎಂದುಕೊಂಡಿದ್ದೀರಿ, ಅವನ ಪಾಲಿಗೆ ಅದು ಬೀರುವಿನ ಕೀಲಿಯನ್ನು ಬೀದಿಗೆ ಎಸೆದಂತೆ.

ಮೀನಿನ ಗುಟ್ಟಿಗಿಂತ ದೊಡ್ಡ ಅಪಾಯವೂ ಉಂಟು. ಮಲೇಷ್ಯಾದ ಸಬಾ ರಾಜ್ಯದ ಸೆಂಪೊರ್ನಾ ಸುತ್ತಲಿನ ದ್ವೀಪಗಳಲ್ಲಿ ನೀರಿನ ಮೇಲೆ ಕಂಬ ನೆಟ್ಟ ಮನೆಗಳು, ತಿಳಿನೀರಿನಲ್ಲಿ ಪುಟ್ಟ ದೋಣಿ ಹುಟ್ಟು ಹಾಕುವ, ಬಜಾವ್ ಎಂಬ ಕಡಲ ಅಲೆಮಾರಿ ಜನರ ಮಕ್ಕಳು. ಎಷ್ಟೋ ಪ್ರವಾಸಗಳ ಮುಖಪುಟ ಅದೇ. ಆ ಮಕ್ಕಳಲ್ಲಿ ಬಹಳ ಮಂದಿಗೆ ಯಾವ ದೇಶದ ಪೌರತ್ವವೂ ಇಲ್ಲ, ಕಾಗದಪತ್ರವೂ ಇಲ್ಲ. 2024ರ ಜೂನ್‌ನಲ್ಲಿ ಅಲ್ಲಿನ ಅಧಿಕಾರಿಗಳು ಕೆಲವು ದ್ವೀಪಗಳಲ್ಲಿ ಅವರ ಮನೆಗಳನ್ನು ಕೆಡವಿದರು, ಸುಟ್ಟದ್ದೂ ಉಂಟು. ಕಾಗದವಿಲ್ಲದವನ ಮುಖ, ಮನೆ, ಜಾಗ ಮೂರನ್ನೂ ಚೆಂದವಾಗಿ ದಾಖಲಿಸಿ ಲೋಕಕ್ಕೆ ತೋರಿಸುವ ನಮಗೆ, ಅದನ್ನು ಇನ್ಯಾರು ನೋಡುತ್ತಾರೆ ಎಂಬ ಯೋಚನೆ ಬರುವುದೇ ಇಲ್ಲ. ಆ ಮಕ್ಕಳಿಗೆ ಮಿಠಾಯಿ ಹಂಚಿ ದೋಣಿಯನ್ನು ಹತ್ತಿರ ಕರೆಸುವ ಅಭ್ಯಾಸವನ್ನಂತೂ ಇವತ್ತೇ ನಿಲ್ಲಿಸಿ. ಅದರ ಬಗ್ಗೆ ಹೆಚ್ಚು ಬರೆಯುವ ತಾಳ್ಮೆ ನನಗಿಲ್ಲ.

ಇಂಡೊನೇಷ್ಯಾದ ಲೆಂಬಾಟಾ ದ್ವೀಪದ ಲಮಲೆರಾ ಹಳ್ಳಿಯ ಮಾತೂ ಇಂಥದ್ದೇ. ಅಲ್ಲಿಯವರು ಮರದ ದೋಣಿಯ ಮೂತಿಯಿಂದ ಬಿದಿರಿನ ಭರ್ಜಿ ಹಿಡಿದು ಜಿಗಿದು ತಿಮಿಂಗಿಲ ಹಿಡಿಯುತ್ತಾರೆ. ಮಾಂಸವನ್ನು ಹಳ್ಳಿಯೊಳಗೆ ಹಂಚಿಕೊಳ್ಳುತ್ತಾರೆ, ಗುಡ್ಡದ ಮೇಲಿನವರ ಜೋಳ, ಬಾಳೆಗೆ ಬದಲು ಕೊಡುತ್ತಾರೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ, ಇರಲಿ. ನಮ್ಮಲ್ಲೊಬ್ಬ ಕೆಂಪು ನೀರಿನ ಫೋಟೊ ಹಾಕಿ ಮೆಚ್ಚುಗೆ ಗಿಟ್ಟಿಸುತ್ತಾನೆ. ಬೈಗುಳ ಮಾತ್ರ ಹಳ್ಳಿಯ ಪಾಲು. ಹಂಚಿಕೆ, ವಿನಿಮಯ, ವಿಧವೆಯರಿಗೆ ಸಿಗುವ ಪಾಲು ಇವೆಲ್ಲ ಅಡಿಬರಹದಲ್ಲಿ ಹಿಡಿಸುವುದಿಲ್ಲವಂತೆ.

'ಆದರೆ ನಾವು ಹೋಗುವುದರಿಂದ ಅವರಿಗೂ ನಾಲ್ಕು ಕಾಸು ಆಗುತ್ತದಲ್ಲ' ಎಂದು ನೀವು ಹೇಳುತ್ತೀರಿ. ಆಗುತ್ತದೆ, ಒಪ್ಪುತ್ತೇನೆ. ಯಾರಿಗೆ ಎಂಬುದು ಪ್ರಶ್ನೆ. ವಸತಿಯವನಿಗೆ ಆಗುತ್ತದೆ, ದೋಣಿಯವನಿಗೆ ಆಗುತ್ತದೆ, ನಿಮ್ಮ ಭಾಷೆ ಬರುವ ಗೈಡಿಗೆ ಆಗುತ್ತದೆ. ಬಲೆಯವನಿಗೆ ಆಗುವುದು ಕೊನೆಗೆ, ಉಳಿದದ್ದರಲ್ಲಿ, ಕೈಯಿಂದ ಕೈಗೆ. ಅವನು ಬಾಯಿಬಿಟ್ಟು ಕೇಳಿದರೆ 'ಪ್ರವಾಸಿಗರಿಂದ ಕೆಟ್ಟುಹೋಗಿದ್ದಾರೆ' ಎಂಬ ಬಿರುದು ಬೇರೆ. ಪನಾಮಾದ ಕೆರಿಬಿಯನ್ ತೀರದ ಗುನಾ ಜನರ ಮೇಲೆ ಈ ದೂರು ಬಹಳ. ಫೋಟೊ ಒಂದಕ್ಕೆ ಇಷ್ಟು ಎಂದು ಕೈ ಚಾಚುತ್ತಾರಂತೆ. ಹೌದು, ಚಾಚುತ್ತಾರೆ. 1925ರಲ್ಲಿ ದಂಗೆ ಎದ್ದು ತಮ್ಮ ಆಡಳಿತ ತಾವೇ ನೋಡಿಕೊಳ್ಳುವ ಹಕ್ಕಿಗೆ ದಾರಿ ಮಾಡಿಕೊಂಡ ಜನ ಅವರು. ಪ್ರವಾಸೋದ್ಯಮ ಹೇಗೆ ನಡೆಯಬೇಕು ಎಂಬುದನ್ನೂ ಅವರ ಮಹಾಸಭೆಯೇ ತೀರ್ಮಾನಿಸುತ್ತದೆ. ಅಲ್ಲಿ ಫೋಟೊಗೆ ಬೆಲೆ ಹೇಳುವವಳು ಫೋಟೊದಲ್ಲಿ ಇರುವವಳೇ. ನಮಗೆ ಸಿಟ್ಟು ಬರುವುದು ಬೆಲೆಗಲ್ಲ, ಬೆಲೆ ಹೇಳಿದ್ದು ಅವಳು ಎಂಬುದಕ್ಕೆ.

ಪೆಸಿಫಿಕ್ ಸಾಗರದ ಪಲಾವು ಎಂಬ ದ್ವೀಪದೇಶದ್ದು ಇನ್ನೊಂದು ದಾರಿ. 2017ರ ಡಿಸೆಂಬರಿನಿಂದ ಅಲ್ಲಿಗೆ ಬರುವ ಪ್ರತಿಯೊಬ್ಬರ ಪಾಸ್‌ಪೋರ್ಟಿಗೂ ಒಂದು ಪ್ರತಿಜ್ಞೆಯ ಮುದ್ರೆ ಹಾಕುತ್ತಾರೆ. ಆ ದ್ವೀಪಗಳ ಮಕ್ಕಳನ್ನು ಉದ್ದೇಶಿಸಿ ಬರೆದದ್ದು, ಅತಿಥಿಯಾಗಿ ಬಂದವನು ಸಹಿ ಹಾಕಬೇಕು. ಒಂದು ದೇಶ ಹೀಗೆ ಕೇಳಬಹುದಾದರೆ ಹನ್ನೆರಡು ಜನರ ಬ್ಯಾಚನ್ನು ಕರೆದೊಯ್ಯುವ ನಿಮಗೆ ಒಂದು ಹಾಳೆ ಭಾರವೇ?

ಹಾಗಾಗಿ ನಿಮ್ಮಿಂದ ನಾನು ಕೇಳುವುದು ಇಷ್ಟು. ದಿನಾಂಕ ಘೋಷಿಸುವ ಮೊದಲು ಆ ಹಳ್ಳಿಯ ಮೀನುಗಾರರ ಸಂಘವನ್ನೋ ಹಿರಿಯರನ್ನೋ ಕಂಡು ಮಾತಾಡಿ. ಗೈಡಿನ ಹತ್ತಿರ ಫೋನಿನಲ್ಲಿ ಅಲ್ಲ. ಅವರು ಬೇಡವೆಂದರೆ ಬೇಡ, ಆ ದ್ವೀಪ ನಿಮ್ಮ ಪಟ್ಟಿಯಲ್ಲಿ ಇರಬಾರದು. ಬನ್ನಿ ಎಂದರೆ ಯಾವಾಗ ಬರಬಾರದು ಎಂದೂ ಕೇಳಿ. ನನ್ನ ಎರಡನೆಯ ಪ್ರವಾಸ ಆಕಾಶಗಂಗೆಯ ಫೋಟೊಕ್ಕೆಂದು ಅಮಾವಾಸ್ಯೆಗೇ ಇಟ್ಟದ್ದು. ದೀಪ ಹಚ್ಚಿ ಮೀನು ಸೆಳೆಯುವವರಿಗೂ ಬೇಕಾದದ್ದು ಅದೇ ಕತ್ತಲು, ಬೆಳದಿಂಗಳಿದ್ದರೆ ದೀಪದ ಸೆಳೆತ ಕಡಿಮೆ. ತಿಂಗಳಲ್ಲಿ ಅವರಿಗೆ ಸಿಗುವ ಕೆಲವೇ ಒಳ್ಳೆಯ ರಾತ್ರಿಗಳಲ್ಲಿ ಒಂದರಂದು, ನಮ್ಮ ಆಕಾಶಕ್ಕೆ ಬೆಳಕು ಹೊಡೆಯುತ್ತದೆಂದು ದೋಣಿಗಳ ದೀಪ ಆರಿಸಲು ಹೇಳಿಕಳಿಸಿದೆವು. ಅವರು ಆರಿಸಿದರು ಕೂಡ, ಅರ್ಧ ಗಂಟೆ. ಆಗ ಅದನ್ನು ಅವರ ಒಳ್ಳೆಯತನ ಎಂದುಕೊಂಡೆ.

ಉಬ್ಬರ ಇಳಿತದ ಪಟ್ಟಿ ಮುಂದಿಟ್ಟುಕೊಂಡು ಕಾರ್ಯಕ್ರಮ ಬರೆಯಿರಿ. ಎರಡು ಸಂಜೆ ಬಲೆ ಸಿಕ್ಕರೆ ಮೂರು ಸಂಜೆ ಸಿಗುವುದಿಲ್ಲ, ಗಿರಾಕಿಗೆ ಮೊದಲೇ ಹೇಳಿ, ನಾವೇನು ಸಾಯುವುದಿಲ್ಲ. ಮೀನಿಲ್ಲದ ಹೊತ್ತಿಗೆ ಬಲೆ ಎಸೆಸಲೇಬೇಕೆಂದಿದ್ದರೆ ಅದು ನಟನೆ. ದರ ಮೊದಲೇ ಮಾತಾಡಿ, ಬಲೆ ಹರಿದರೆ ಬಲೆಯ ಬೆಲೆ ಸೇರಿಸಿ. ಆ ಮೊತ್ತ ದರಪಟ್ಟಿಯಲ್ಲಿ, ಮೆಂಟರ್ ಶುಲ್ಕದ ಪಕ್ಕದ ಸಾಲಿನಲ್ಲಿ, ನನ್ನ ಕಣ್ಣಿಗೆ ಕಾಣುವಂತೆ ಇರಲಿ. ನಿಮ್ಮ ಬೆಲೆ ಏರುತ್ತದೆ, ಏರಲಿ. ಹನ್ನೆರಡು ಜನರ ಬದಲು ಐದು ಜನ ಬರಲಿ, ಅದೂ ಒಳ್ಳೆಯದೇ. ಫೋಟೊ ತೆಗೆಸಿಕೊಂಡವರಿಗೆ ಕಾಗದದ ಮೇಲೆ ಪ್ರತಿ ಕೊಟ್ಟುಬನ್ನಿ, ಕಿಸೆಯಷ್ಟು ಗಾತ್ರದ ಪ್ರಿಂಟರುಗಳು ಬಂದು ಎಷ್ಟೋ ಕಾಲವಾಯಿತು.

ಪ್ರಿಂಟ್ ಎಂದಾಗ ನೆನಪಾಯಿತು. ಅದೇ ದ್ವೀಪದಲ್ಲಿ ಒಬ್ಬ ಹೆಂಗಸು ಮೂರನೆಯ ದಿನ ತಾನಾಗಿ ಬಂದು ಫೋಟೊ ತೆಗೆಯಲು ಕೇಳಿದಳು. ಗಂಡ, ಇಬ್ಬರು ಮಕ್ಕಳು, ಆಗಷ್ಟೇ ಕೊಂಡ ದೋಣಿಯ ಎಂಜಿನ್. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಎಂಜಿನ್ನಿನ ಮೇಲೆ ಕೈಯಿಟ್ಟು ನೆಟ್ಟಗೆ ನಿಂತರು. ಮಧ್ಯಾಹ್ನದ ಉರಿಬಿಸಿಲು. ನಮ್ಮಲ್ಲಿ ಮೂವರು ಒಂದೊಂದು ಒತ್ತಿ, ಬೆಳಕು ಸರಿಯಿಲ್ಲವೆಂದು ನೆರಳಿಗೆ ನಡೆದರು. ನಾನೂ ಅವರಲ್ಲೊಬ್ಬ. ಆ ಐದು ದಿನದಲ್ಲಿ ಆ ಊರಿನವರು ನಮ್ಮಿಂದ ಕೇಳಿದ ಒಂದೇ ಒಂದು ಫೋಟೊ ಅದು. ನನ್ನ ಹಾರ್ಡ್‌ಡಿಸ್ಕಿನಲ್ಲಿ ಹುಡುಕಿದೆ. ಮಗುವಿನ ತಲೆ ಅರ್ಧ ಕತ್ತರಿಸಿದೆ.

ಮುಂದಿನ ಋತುವಿನ ನಿಮ್ಮ ಕರಪತ್ರ ಕಳೆದ ವಾರ ನನಗೂ ಬಂತು. ಮುಖಪುಟದಲ್ಲಿ ನನ್ನದೇ ಫೋಟೊ: ಅಂಗಳ, ಕೈಬೆರಳು, ದಾರ, ಸೂಜಿ. ಬಳಸಿಕೊಳ್ಳಲು ನಾನೇ ಒಪ್ಪಿಗೆ ಕೊಟ್ಟಿದ್ದೆ, ಅದಕ್ಕೆ ಬದಲಾಗಿ ಮುಂದಿನ ಪ್ರವಾಸದಲ್ಲಿ ರಿಯಾಯಿತಿ ಎಂದಿರಿ. ರಿಯಾಯಿತಿ ಬೇಡ. ಆ ಫೋಟೊವನ್ನು ಮುಖಪುಟದಿಂದ ತೆಗೆದುಹಾಕಿ, ಇಲ್ಲವೇ ಅಡಿಬರಹ ಬದಲಿಸಿ: 'ನೀರಿಲ್ಲದ ಹೊತ್ತಿನಲ್ಲಿ ನಮ್ಮ ಬ್ಯಾಚಿಗಾಗಿ ಹನ್ನೊಂದು ಸಲ ಎಸೆದು ಹರಿದ ಬಲೆಯನ್ನು ಕಟ್ಟುತ್ತಿರುವ ಮೀನುಗಾರ.' ಹೆಸರಿನ ಜಾಗ ಖಾಲಿ ಬಿಡಿ. ಅವನಿಗೊಂದು ಪ್ರಿಂಟನ್ನೂ, ಆ ಎಂಜಿನ್ನಿನ ಮನೆಯವರಿಗೆ ಹೊಸದಾಗಿ ಒಂದು ಫೋಟೊವನ್ನೂ ಕೊಡಲು ನಾನು ನನ್ನ ಖರ್ಚಿನಲ್ಲಿ ಹೋಗುತ್ತಿದ್ದೇನೆ, ಮಧ್ಯಾಹ್ನದ ಬಿಸಿಲಿನಲ್ಲೇ. ಅಲ್ಲಿ ಅವನ ಹೆಸರು ಕೇಳಿ, ಹಾಕಬಹುದೇ ಎಂದೂ ಕೇಳಿ ತಿಳಿಸುತ್ತೇನೆ.

ಇತಿ,
ನಿಮ್ಮ ಹಳೆಯ ಬ್ಯಾಚಿನ ಒಬ್ಬ